ಸಣ್ಣ ಉದ್ದಿಮೆಯ ಜಾಲತಾಣ ಮತ್ತು ಶೋಧಯಂತ್ರ

ಮುಂಬಯಿಯ ಹಾರ್ಬರ್ ರೈಲು ಮಾರ್ಗದಲ್ಲಿರುವ ವಡಾಲ ಕನ್ನಡಿಗರಿಗೆ ಹೊಸ ಹೆಸರಲ್ಲ. ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇಲ್ಲಿದೆ. ಇಲ್ಲಿನ ಶ್ರೀರಾಮ ಮಂದಿರದ ಗೌಡ ಸಾರಸ್ವತರ ಗಣೇಶೋತ್ಸವ ಕರಾವಳಿಯವರೆಗೂ ಪರಿಚಿತ. ನೆರೆಯ ಮಾಟುಂಗದ ಉಡುಪಿ ಉಪಾಹಾರ ಗೃಹಗಳ ಕೀರ್ತಿಯನ್ನು ಮತ್ತೆ ಹೇಳಬೇಕಾಗಿಲ್ಲ. ಇಂತಹ ವ್ಯಾಪಾರಗಳು ದಶಕಗಳ ಕಾಲ ಬಾಯಿಮಾತಿನ ಪ್ರಚಾರದಿಂದಲೇ ಬೆಳೆದವು. ಇಂದು ಗಿರಾಕಿಯು ನೆರೆಮನೆಯವರನ್ನು ಕೇಳುವ ಮೊದಲೇ ಕೈಯಲ್ಲಿರುವ ಫೋನನ್ನು ಕೇಳುತ್ತಾನೆ. ಅಲ್ಲಿ ಹೆಸರು ಕಾಣದಿದ್ದರೆ, ಎರಡು ಬೀದಿಗಳಾಚೆ ಇರುವ ಒಳ್ಳೆಯ ಅಡುಗೆಯವನೂ ಅವನ ಪಾಲಿಗೆ ಇಲ್ಲದವನೇ.

ಶೋಧಯಂತ್ರವು ಕೆಲಸ ಮಾಡುವ ಕ್ರಮ ಸ್ಥೂಲವಾಗಿ ಹೀಗಿದೆ. ಅದರ ತಂತ್ರಾಂಶವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳ ಮೂಲಕ ಸಂಚರಿಸಿ, ಕಂಡದ್ದನ್ನು ಓದಿ, ಪುಸ್ತಕದ ಕೊನೆಯ ಪದಸೂಚಿಯಂತಹ ಒಂದು ಬೃಹತ್ ಸೂಚಿಯಲ್ಲಿ ದಾಖಲಿಸುತ್ತದೆ. ಯಾರಾದರೂ ಪ್ರಶ್ನೆ ಹಾಕಿದಾಗ ಆ ಸೂಚಿಯಿಂದ ಉತ್ತರಗಳನ್ನು ತೆಗೆದು ಸಾಲಾಗಿ ನಿಲ್ಲಿಸುತ್ತದೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಸ್ಥಾಪಿಸಿದ ಗೂಗಲ್ ಸಂಸ್ಥೆಯು, ಒಂದು ಪುಟಕ್ಕೆ ಇತರರು ಕೊಡುವ ಕೊಂಡಿಯನ್ನು ಶಿಫಾರಸಿನಂತೆ ಎಣಿಸುವ ಪದ್ಧತಿಯಿಂದ ಹೆಸರು ಪಡೆಯಿತು. ಈಗ ಗಣನೆಗೆ ಬರುವ ಅಂಶಗಳು ಅನೇಕ. ಆದರೂ ಪುಟವು ಏನು ಹೇಳುತ್ತದೆ ಎಂಬುದೇ ಸಣ್ಣ ವ್ಯಾಪಾರಿಯ ಕೈಯಲ್ಲಿರುವ ಮುಖ್ಯ ಸಾಧನ.

ವಡಾಲದಲ್ಲಿ ಮದುವೆ, ಉಪನಯನಗಳಿಗೆ ಅಡುಗೆ ಮಾಡಿಕೊಡುವ ಒಬ್ಬ ಗೃಹಸ್ಥರ ಜಾಲತಾಣವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಪುಟದ ಶೀರ್ಷಿಕೆ ‘ಸ್ವಾಗತ’. ಕೆಳಗೆ ದೇವರ ಚಿತ್ರ. ಅದರ ಕೆಳಗೆ ಊಟದ ಪಟ್ಟಿಯ ಒಂದು ಛಾಯಾಚಿತ್ರ. ಕಣ್ಣಿಗೆ ಅಂದವಾದರೂ ಯಂತ್ರಕ್ಕೆ ಅದು ಬಹುಮಟ್ಟಿಗೆ ಖಾಲಿ ಪುಟ. ಚಿತ್ರದೊಳಗಿನ ಅಕ್ಷರಗಳನ್ನು ಯಂತ್ರವು ಓದಿಯೇ ತೀರುತ್ತದೆಂದು ನಂಬುವಂತಿಲ್ಲ. ‘ವಡಾಲ ಪಶ್ಚಿಮದಲ್ಲಿ ಮದುವೆ, ಉಪನಯನಗಳಿಗೆ ಉಡುಪಿ ಶೈಲಿಯ ಸಸ್ಯಾಹಾರಿ ಕೇಟರಿಂಗ್’ ಎಂಬ ಶೀರ್ಷಿಕೆ ಇದ್ದಿದ್ದರೆ ಏನು, ಎಲ್ಲಿ, ಯಾರಿಗೆ ಎಂಬ ಮೂರಕ್ಕೂ ಒಂದೇ ಸಾಲಿನಲ್ಲಿ ಉತ್ತರ ಸಿಗುತ್ತಿತ್ತು. ಊಟದ ಪಟ್ಟಿಯನ್ನು ಅಕ್ಷರಗಳಲ್ಲಿಯೇ ಬರೆಯಬೇಕು. ‘ಅನ್ನಪೂರ್ಣ ಸೇವೆ’ ಎಂಬುದು ಮಾಲೀಕರಿಗೆ ಪ್ರಿಯವಾದ ಮಾತಿರಬಹುದು. ಗಿರಾಕಿ ಹುಡುಕುವುದು ‘ಕೇಟರಿಂಗ್’ ಎಂದೇ.

ಊರಿನ ಹೆಸರಿನ ವಿಷಯದಲ್ಲಿ ವಡಾಲದ ವ್ಯಾಪಾರಿಗೆ ವಿಶೇಷ ತೊಡಕೊಂದಿದೆ. ರೋಮನ್ ಲಿಪಿಯಲ್ಲಿ ಇದನ್ನು ಕೆಲವರು ‘ಡಬ್ಲ್ಯೂ’ ಅಕ್ಷರದಿಂದ, ಕೆಲವರು ‘ವಿ’ ಅಕ್ಷರದಿಂದ ಆರಂಭಿಸುತ್ತಾರೆ. ಮರಾಠಿಯಲ್ಲಿ ಅದು ವಡಾಳಾ. ಕನ್ನಡದಲ್ಲಿ ವಡಾಲ, ವಡಾಳ ಎರಡೂ ಉಂಟು. ಶ್ರೀರಾಮಪುರದ ಬಳಿ ವಡಾಳಾ ಮಹಾದೇವ ಎಂಬ ಬೇರೊಂದು ಊರೂ ಇದೆ. ಸಾಲದೆಂಬಂತೆ, ರೈಲು ಹಳಿಯ ಪಶ್ಚಿಮಕ್ಕೆ ಪಿನ್ ಸಂಖ್ಯೆ 400031 ಆದರೆ ಆಂಟಾಪ್ ಹಿಲ್ ಕಡೆಗೆ 400037. ಆದುದರಿಂದ ಮುಂಬಯಿ ಎಂಬ ಹೆಸರು, ಪೂರ್ವವೋ ಪಶ್ಚಿಮವೋ ಎಂಬ ವಿವರ, ಹತ್ತಿರದ ಗುರುತು ಮತ್ತು ಪಿನ್ ಸಂಖ್ಯೆಗಳನ್ನು ಪುಟದಲ್ಲಿ ಪೂರ್ಣವಾಗಿ ಕೊಡುವುದು ಅವಶ್ಯಕ. 2022ರ ತಿದ್ದುಪಡಿಯ ನಂತರ ಮಹಾರಾಷ್ಟ್ರದಲ್ಲಿ ಸಣ್ಣ ಅಂಗಡಿಗಳ ಫಲಕಗಳಿಗೂ ದೇವನಾಗರಿಯ ಮರಾಠಿ ಬರಹ ಕಡ್ಡಾಯವಾಗಿದೆ. ಫಲಕದಲ್ಲಿ ಒಂದು ಹೆಸರು, ಜಾಲತಾಣದಲ್ಲಿ ಇನ್ನೊಂದು, ರಸೀದಿಯಲ್ಲಿ ಮತ್ತೊಂದು ಇದ್ದರೆ ಗಿರಾಕಿಗೂ ಯಂತ್ರಕ್ಕೂ ಗೊಂದಲವಾಗುತ್ತದೆ. ಲಿಪಿ ಬೇರೆಯಾದರೂ ಹೆಸರು, ವಿಳಾಸ, ದೂರವಾಣಿ ಒಂದೇ ಆಗಿರಬೇಕು.

ಕನ್ನಡ ಪುಟವೂ ಇದ್ದರೆ ಲೇಸು. ಆದರೆ ಅದು ಯೂನಿಕೋಡ್‌ನಲ್ಲಿರಬೇಕು. ಹಳೆಯ ಮುದ್ರಣ ಫಾಂಟುಗಳಲ್ಲಿ ಸಿದ್ಧಪಡಿಸಿದ ಬರಹ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ.

ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ನಮೂದಿಸುವ ‘ಬಿಸಿನೆಸ್ ಪ್ರೊಫೈಲ್’ ಸೌಲಭ್ಯ ಉಚಿತ. ಅಲ್ಲಿನ ಸಾಲು ನಿರ್ಧಾರವಾಗುವುದು ಪ್ರಶ್ನೆಗೆ ಹೊಂದಿಕೆ, ದೂರ, ಪ್ರಸಿದ್ಧಿ ಎಂಬ ಮೂರರಿಂದ ಎಂದು ಸಂಸ್ಥೆಯೇ ತಿಳಿಸಿದೆ. ಬೋರಿವಲಿಯಲ್ಲಿ ನಿಂತು ಹುಡುಕುವವನಿಗೆ ವಡಾಲದ ಅಂಗಡಿ ಮೊದಲು ಕಾಣಲಿಲ್ಲವೆಂದು ದುಃಖಿಸಬೇಕಾಗಿಲ್ಲ. ದಾದರ್, ಸಾಯನ್, ಮಾಟುಂಗದವರಿಗೆ ಕಂಡರೆ ಸಾಕು.

ಹಣ ಕಳೆದುಕೊಳ್ಳುವ ಸಂಭವ ಹೆಚ್ಚಿರುವುದು ಇನ್ನೊಂದು ಕಡೆ. ‘ಮೊದಲ ಪುಟದಲ್ಲಿ ಮೊದಲ ಸ್ಥಾನ ಖಚಿತ’ ಎಂದು ಕರೆ ಮಾಡುವವರು ಸಣ್ಣ ವ್ಯಾಪಾರಿಗಳನ್ನೇ ಹುಡುಕಿಕೊಂಡು ಬರುತ್ತಾರೆ. ಅಂತಹ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ಸ್ಪಷ್ಟವಾಗಿ ಹೇಳಿದೆ. ಹಣ ಕೊಟ್ಟು ಹಾಕಿಸುವ ಜಾಹೀರಾತು ಬೇರೆ. ಅದರಿಂದ ಸಹಜ ಫಲಿತಾಂಶದ ಸ್ಥಾನ ಏರುವುದಿಲ್ಲ. ಪುಟದ ಹಿಂದೆ ಅಡಗಿಸಿಡುವ ಕೀಲಿಪದಗಳ ಪಟ್ಟಿಯನ್ನು ತಾನು ಗಣಿಸುವುದಿಲ್ಲವೆಂದು ಆ ಸಂಸ್ಥೆ 2009ರಲ್ಲಿಯೇ ಪ್ರಕಟಿಸಿತು. ಕೊಂಡಿಗಳನ್ನು ಖರೀದಿಸುವವರ ವಿರುದ್ಧ 2012ರಲ್ಲಿ ಬಿಗಿಯಾದ ಕ್ರಮ ಬಂದಿತು. ಆದರೂ ಇವೆರಡನ್ನೂ ಇಂದಿಗೂ ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ. ಕೂಲಿಗೆ ಬರೆಸಿದ ಮೆಚ್ಚುಗೆಯ ಮಾತುಗಳಂತೂ ಗ್ರಾಹಕರಿಗೆ ಮಾಡುವ ವಂಚನೆ. ಇಂತಹವುಗಳನ್ನು ತಡೆಯುವ ಉದ್ದೇಶದಿಂದ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಹೊರತಂದಿದೆ.

ಶೋಧಯಂತ್ರವನ್ನು ನಿಷ್ಪಕ್ಷಪಾತಿ ನ್ಯಾಯಾಧೀಶನೆಂದು ಭಾವಿಸುವುದೂ ಸರಿಯಲ್ಲ. ಶೋಧ ಫಲಿತಾಂಶಗಳಲ್ಲಿನ ಪಕ್ಷಪಾತಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2018ರ ಫೆಬ್ರವರಿಯಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಜಾಲತಾಣದ ಹೆಸರನ್ನು ವ್ಯಾಪಾರಿಯು ತನ್ನ ಹೆಸರಿನಲ್ಲಿಯೇ ನೋಂದಾಯಿಸಿ, ಗುಪ್ತಪದವನ್ನು ತನ್ನಲ್ಲಿಯೇ ಇಟ್ಟುಕೊಳ್ಳುವುದು ಆದುದರಿಂದ ಇನ್ನಷ್ಟು ಮುಖ್ಯ. ತಾಣ ರಚಿಸಿಕೊಟ್ಟವನ ಹೆಸರಿನಲ್ಲಿ ಅದು ಉಳಿದರೆ, ಜಗಳವಾದ ದಿನ ಅಂಗಡಿಯ ಫಲಕವೇ ಕೈತಪ್ಪಿದಂತೆ.

ಜನರು ಯಾವ ಪದಗಳಿಂದ ಹುಡುಕಿ ತನ್ನ ಪುಟಕ್ಕೆ ಬಂದರೆಂಬುದನ್ನು ‘ಸರ್ಚ್ ಕನ್ಸೋಲ್’ ಎಂಬ ಉಚಿತ ಸಾಧನ ತೋರಿಸುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡಿದರೆ ಸಾಕು. ಶ್ರಾವಣದಲ್ಲಿ ಜನ ಪತ್ರೊಡೆಯನ್ನು ಹುಡುಕುತ್ತ ಬಂದಿದ್ದು, ಪಟ್ಟಿಯಲ್ಲಿ ಪತ್ರೊಡೆಯ ದರ ಇಲ್ಲದಿದ್ದರೆ, ಅಂದೇ ಅದನ್ನು ಸೇರಿಸಬಹುದು.