ಹಕ್ಕಿ ತಂದಿತೋ, ದನ ಸಾಕಿತೋ: ಮಂಗನ ಕಾಯಿಲೆಯ ಹಳೆಯ ಜಗಳ

ಸಂಘದವರು ಈ ಮಾಲೆಗೆಂದು ನನಗೆ ಒಪ್ಪಿಸಿದ ವಿಷಯ ‘ವಿಜ್ಞಾನದ ಇತ್ತೀಚಿನ ಸಂಶೋಧನೆಗಳು’. ಮನುಷ್ಯರ ವೈದ್ಯ, ಜಾನುವಾರು ರೋಗ, ಕೃಷಿ ಎಲ್ಲವನ್ನೂ ಒಂದಿಷ್ಟು ಮುಟ್ಟಿಕೊಂಡು ಹೋಗಿ ಅಂದರು. ಹಾಗೆ ಮುಟ್ಟಿಕೊಂಡು ಹೋಗುವುದು ನನ್ನಿಂದಾಗದು. ಈ ಮೂರೂ ಒಂದೇ ಜಾಗದಲ್ಲಿ ಕೂಡಿಕೊಂಡಿರುವ ಸಂಗತಿಯೊಂದು ನಮ್ಮ ಕಾಲ ಬುಡದಲ್ಲೇ ಇದೆ, ಮಂಗನ ಕಾಯಿಲೆ. ಅದರ ಪೂರ್ತಿ ಕಥೆಯನ್ನೂ ನಾನು ಹೇಳುವುದಿಲ್ಲ. ಅದರೊಳಗೆ ಅರುವತ್ತು ವರ್ಷದಿಂದ ನಡೆದು ಬಂದಿರುವ ಒಂದು ಜಗಳ ಇದೆ. ಪಶುವೈದ್ಯನಾಗಿ ಕೆಲಸ ಮಾಡಿದಷ್ಟು ಕಾಲವೂ ಅದು ನನ್ನ ತಲೆಯಲ್ಲಿತ್ತು, ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಇವತ್ತು ಅದಷ್ಟೇ.

ಇತಿಹಾಸ ನಿಮಗೆ ಗೊತ್ತಿರುವುದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಊರುಗಳಲ್ಲಿ ಜನ ಜ್ವರ ಬಂದು ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಓಡಿ ಬಂದರು. ಅವರ ಗಾಬರಿಗೆ ಕಾರಣ ಬೇರೆಯೇ ಇತ್ತು. ಮಂಗವೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ ಅಂದರೆ ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರವೇ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಭಯ. ನೋಡಿದರೆ ಇದು ಸೊಳ್ಳೆಯದಲ್ಲ, ಉಣುಗಿನದು. ವೈರಸ್ಸಿನ ಸಮೀಪದ ಬಂಧುಗಳಿದ್ದದ್ದು ರಷ್ಯಾದ ಕಾಡುಗಳಲ್ಲಿ.

ಜಗಳ ಹುಟ್ಟಿದ್ದು ಅಲ್ಲೇ. ರಷ್ಯಾದ ವೈರಸ್ಸಿನ ನೆಂಟ ಸೊರಬಕ್ಕೆ ಹೇಗೆ ಬಂತು? ಚಳಿಗಾಲದಲ್ಲಿ ಸೈಬೀರಿಯಾದಿಂದ ಬರುವ ಹಕ್ಕಿಗಳ ಮೈಮೇಲೆ ಉಣುಗು, ಉಣುಗಿನ ಹೊಟ್ಟೆಯಲ್ಲಿ ವೈರಸ್. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಕೈಗೆತ್ತಿಕೊಂಡದ್ದರ ಹಿಂದೆ ಈ ಅನುಮಾನವೂ ಇತ್ತು, ವಿಶ್ವ ಆರೋಗ್ಯ ಸಂಸ್ಥೆಯ ನೆರವೂ ಇತ್ತು. ಮುಂದೆ ಆ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ಹಣ ಬಂದಿದೆ ಎಂಬ ವಿಚಾರ ಎದ್ದು, 1970ರ ದಶಕದಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿಯವರೆಗೆ ಹೋಯಿತು. ಕಾಯಿಲೆಯನ್ನು ಅಮೆರಿಕದವರೇ ತಂದು ಬಿಟ್ಟರು ಎಂದು ಇಂದಿಗೂ ಆಣೆ ಹಾಕಿ ಹೇಳುವವರು ನಿಮ್ಮ ಊರಲ್ಲೂ ಒಬ್ಬರಾದರೂ ಇರುತ್ತಾರೆ. ಅಧ್ಯಯನದಿಂದ ಹಕ್ಕಿಗಳ ಬಗ್ಗೆ ಬೇಕಾದಷ್ಟು ತಿಳಿಯಿತು. ಕಾಯಿಲೆಯನ್ನು ಅವು ತಂದವು ಎನ್ನುವುದಕ್ಕೆ ಮಾತ್ರ ಗಟ್ಟಿ ಸಾಕ್ಷಿ ಸಿಗಲಿಲ್ಲ.

ಹಕ್ಕಿಯಾಗಲಿ ಅಮೆರಿಕವಾಗಲಿ, ಹೊರಗಿನಿಂದ ಬಂತು ಎನ್ನುವ ವಾದ ನಮಗೆ ಹಿತ. ಊರಲ್ಲಿ ಯಾರೂ ಉತ್ತರ ಹೇಳಬೇಕಾಗಿಲ್ಲ.

ಈ ವಾದಕ್ಕೆ ಎದುರು ನಿಂತವನು ಹೋರ್ಹೆ ಬೋಷೆಲ್, ಕೊಲಂಬಿಯಾದ ವೈದ್ಯ. ನನ್ನ ಮೆಚ್ಚಿನ ಮನುಷ್ಯ. ಸೊರಬ, ಸಾಗರದ ಕಾಡುಗಳಿಗೆ ಬರುವ ಮೊದಲು ಅವನು ತನ್ನ ದೇಶದಲ್ಲಿ ಕಾಡಿನ ಹಳದಿ ಜ್ವರದ ಬೆನ್ನು ಹತ್ತಿದ್ದವನು. ಅಲ್ಲಿ ಮರ ಕಡಿಯುವವರಿಗೇ ಜ್ವರ ಯಾಕೆ ಬರುತ್ತದೆ ಎಂಬುದು ಬಗೆಹರಿದಿರಲಿಲ್ಲ. ಒಂದು ಮರ ಉರುಳಿದಾಗ ನೆತ್ತಿಯಲ್ಲಿದ್ದ ನೀಲಿ ಸೊಳ್ಳೆಗಳ ಹಿಂಡು ಕೆಳಗಿಳಿದು ಜನರನ್ನು ಮುತ್ತಿದ್ದನ್ನು ಅವನು ಕಣ್ಣಾರೆ ಕಂಡ. ಕಾಯಿಲೆ ಮೇಲೆ ಮಂಗಗಳ ನಡುವೆ ಮೊದಲಿಂದಲೂ ಇತ್ತು. ಕೊಡಲಿ ಅದನ್ನು ನೆಲಕ್ಕಿಳಿಸಿತ್ತು. ಇದನ್ನು ನೋಡಿ ಬಂದವನಿಗೆ ಸೈಬೀರಿಯಾದ ಹಕ್ಕಿಗಳ ಕಥೆ ರುಚಿಸದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

1969ರಲ್ಲಿ ಬೋಷೆಲ್ ತನ್ನ ವಾದವನ್ನು ಪ್ರಕಟಿಸಿದ. ವೈರಸ್ ಇಲ್ಲಿನದೇ, ಸಣ್ಣ ಪ್ರಾಣಿಗಳು, ಉಣುಗುಗಳ ನಡುವೆ ಸದ್ದಿಲ್ಲದೆ ಇದ್ದದ್ದು. ಕಾಡು ಸವರಿ ಗದ್ದೆ ತೋಟಗಳಾದವು, ಜನ ಹೆಚ್ಚಿದರು, ದನ ಹೆಚ್ಚಿದವು, ದನ ಕಾಡಿಗೆ ಮೇಯಲು ಹೋದವು. ಅಲ್ಲಿಗೆ ಉಣುಗಿಗೆ ಸುಗ್ಗಿ.

ಇಲ್ಲಿ ಪಶುವೈದ್ಯನ ಮಾತು ಒಂದಷ್ಟು ಸಹಿಸಿಕೊಳ್ಳಬೇಕು, ಯಾಕೆಂದರೆ ಎಲ್ಲ ಇರುವುದು ಇಲ್ಲೇ. ಈ ಕಾಯಿಲೆಯಿಂದ ದನ ಸಾಯುವುದಿಲ್ಲ. ದನದ ರಕ್ತದಲ್ಲಿ ವೈರಸ್ ಉಣುಗಿಗೆ ಹತ್ತುವಷ್ಟು ಬೆಳೆಯುವುದೂ ಇಲ್ಲ. ಹಾಗಾಗಿ ಬಹಳ ಕಾಲ ದನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೇ ನಮ್ಮ ಇಲಾಖೆಯಲ್ಲಿ ಎಲ್ಲರೂ ನೆಮ್ಮದಿಯಾಗಿದ್ದೆವು. ಆದರೆ ಬೆಳೆದ ಹೆಣ್ಣು ಉಣುಗಿಗೆ ಮೊಟ್ಟೆ ಇಡಬೇಕಾದರೆ ದೊಡ್ಡ ಪ್ರಾಣಿಯ ರಕ್ತ ಹೊಟ್ಟೆ ತುಂಬ ಬೇಕು. ಕಡವೆ, ಕಾಟಿ ಕಡಿಮೆಯಾದ ಕಾಡಿನಲ್ಲಿ ಅದು ಸಿಗುವುದು ದನದಲ್ಲಿ. ಕಿವಿಯ ಒಳಗೆ, ಗಂಗೆದೊಗಲಿನಲ್ಲಿ, ಕೆಚ್ಚಲ ಸಂದಿನಲ್ಲಿ ಕಚ್ಚಿಕೊಂಡು ಊದಿಕೊಂಡ ಉಣುಗು ನೆಲಕ್ಕೆ ಉದುರುತ್ತದೆ, ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮಳೆಗಾಲ ಕಳೆದ ಮೇಲೆ ಮರಿಗಳು ಎಲೆಗಳ ತುದಿಗೆ ಏರಿ ಕಾಯುತ್ತವೆ. ಹುಟ್ಟುವಾಗ ಅವುಗಳಲ್ಲಿ ವೈರಸ್ ಇರುವುದಿಲ್ಲ. ಇಲಿಯನ್ನೋ ಮಂಗವನ್ನೋ ಕಚ್ಚಿ ಅಲ್ಲಿಂದ ಪಡೆದು, ಪೊರೆ ಕಳಚಿ ಎಂಟು ಕಾಲಿನ ಮರಿಯುಣುಗಾಗಿ ಮುಂದಿನ ಬೇಟೆಗೆ ಕೂರುತ್ತವೆ. ಮನುಷ್ಯನನ್ನು ಕಚ್ಚುವುದು ಮುಖ್ಯವಾಗಿ ಈ ಹಂತದ್ದು. ಅಡಿಕೆ ಕೊಯ್ಲು, ಸೌದೆ, ದರಕು ಗುಡಿಸುವುದು ಎಲ್ಲ ನಡೆಯುವ ತಿಂಗಳುಗಳಲ್ಲೇ. ಒಂದು ಮಂಗ ಸತ್ತರೆ ಮೈ ತಣ್ಣಗಾಗುತ್ತಲೇ ಅದರ ಮೇಲಿದ್ದ ಉಣುಗೆಲ್ಲ ಆ ಜಾಗದಲ್ಲೇ ಉದುರುತ್ತದೆ. ಹಾಗಾಗಿ ಲೆಕ್ಕ ನೋಡಿದರೆ ವೈರಸ್ಸನ್ನು ಹೆಚ್ಚಿಸುವುದು ಮಂಗ, ಉಣುಗನ್ನು ಹೆಚ್ಚಿಸುವುದು ದನ. ಕಾಯಿಲೆಯ ಹೆಸರು ಮಾತ್ರ ಪೂರ್ತಿ ಮಂಗನ ತಲೆಗೆ.

ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ನಮಗೆ ಪರೋಪಜೀವಿಗಳ ಪಾಠ ಹೇಳುತ್ತಿದ್ದ ಮೇಷ್ಟ್ರೊಬ್ಬರಿದ್ದರು. ಹಳೇ ಮೈಸೂರಿನ ಕಡೆಯವರು, ಪಂಚೆ ಉಟ್ಟು ಬರುವ ಧೈರ್ಯ ಆ ಕಾಲೇಜಿನಲ್ಲಿ ಅವರೊಬ್ಬರಿಗೇ ಇತ್ತು. ಕೊಟ್ಟಿಗೆಗೆ ಕರೆದುಕೊಂಡು ಹೋಗಿ ದನದ ಕಿವಿ ಮಗುಚಿ ಸ್ಪಿರಿಟ್ಟಿನ ಶೀಶೆಗೆ ಉಣುಗು ತುಂಬಿಸುತ್ತಿದ್ದರು. ಕಿತ್ತಾಗ ಬಾಯಿಯ ಭಾಗ ಚರ್ಮದಲ್ಲೇ ಮುರಿದು ಉಳಿದರೆ ಆ ದಿನದ ಹಾಜರಿ ಇಲ್ಲ. ಒಮ್ಮೆ ನಮ್ಮಲ್ಲೊಬ್ಬ, ಸರ್, ಮಂಗನ ಕಾಯಿಲೆ ರಷ್ಯಾದಿಂದ ಬಂತಂತಲ್ಲ ಎಂದು ಕೇಳಿದ. ಅವರು ಕೈ ಒರೆಸಿಕೊಳ್ಳುತ್ತ, “ಎಲ್ಲಿಂದ ಬಂತು ಅನ್ನೋದು ಪೊಲೀಸಿನವನ ಪ್ರಶ್ನೆ ಕಣಯ್ಯಾ. ಇಲ್ಲಿ ಅದಕ್ಕೆ ಅನ್ನ ಹಾಕ್ತಿರೋರು ಯಾರು, ಅದನ್ನ ನೋಡು” ಅಂದರು. ಆಮೇಲೆ ಬೋಷೆಲ್‌ನ ಹೆಸರು ಹೇಳಿದರು. ಅವನ ಜೊತೆ ಸಾಗರದಲ್ಲಿ ಕೆಲಸ ಮಾಡಿದ ಪಿ.ಕೆ. ರಾಜಗೋಪಾಲನ್ ಅವರ ಹೆಸರನ್ನೂ ನಾನು ಮೊದಲು ಕೇಳಿದ್ದು ಆ ಕೊಟ್ಟಿಗೆಯಲ್ಲೇ.

ಈಗ ಇತ್ತೀಚಿನ ಸಂಶೋಧನೆಗೆ ಬರೋಣ, ಸಂಘದವರಿಗೆ ಕೊಟ್ಟ ಮಾತಿದೆಯಲ್ಲ. ಬ್ರಿಟನ್ನಿನ ಬೆಥನ್ ಪರ್ಸ್ ಮತ್ತು ಇಲ್ಲಿನ ವಿಜ್ಞಾನಿಗಳು, ಪಶುವೈದ್ಯರು, ಆರೋಗ್ಯ ಇಲಾಖೆಯವರು ಸೇರಿ ಶಿವಮೊಗ್ಗ ಕಡೆಯ ಪ್ರಕರಣಗಳನ್ನು ನಕ್ಷೆಯ ಮೇಲಿಟ್ಟು ನೋಡಿದರು; 2020ರಲ್ಲಿ ಪ್ರಕಟವಾಯಿತು. ಕಾಯಿಲೆ ಹೆಚ್ಚು ಕಾಣುವುದು ದಟ್ಟ ಕಾಡಿನ ಹೊಟ್ಟೆಯಲ್ಲಲ್ಲ. ನಿತ್ಯಹರಿದ್ವರ್ಣದ ಕಾಡು ಮತ್ತು ತೋಟ, ನೆಡುತೋಪುಗಳು ಒಂದರೊಳಗೊಂದು ಸೇರಿಕೊಂಡ ಕಡೆ, ಜೊತೆಗೆ ನಾಟಿ ದನ ಹೆಚ್ಚಿರುವ ಕಡೆ. ನಾಟಿ ದನ ಎಂಬ ಮಾತಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಎದ್ದು ಒಂದು ಸುತ್ತು ತಿರುಗಾಡಿ ಬಂದೆ. ಮಿಶ್ರತಳಿಯ ಹಸು ಕೊಟ್ಟಿಗೆಯಲ್ಲಿ ಹಿಂಡಿ ತಿನ್ನುತ್ತದೆ. ಬೆಳಿಗ್ಗೆ ಕಾಡಿಗೆ ಎಬ್ಬಿದರೆ ಸಂಜೆ ತಾನೇ ಮನೆಗೆ ಬರುವುದು ನಮ್ಮ ಮಲೆನಾಡು ಗಿಡ್ಡ. ಅದನ್ನು ಉಳಿಸಬೇಕೆಂದು ಎಷ್ಟು ಊರುಗಳಲ್ಲಿ ಭಾಷಣ ಮಾಡಿದ್ದೇನೋ! ಈಗಲೂ ಮಾಡುತ್ತೇನೆ.

ಅಂದರೆ ಬೋಷೆಲ್ ಗೆದ್ದನೇ? ಅರ್ಧ ಗೆದ್ದ. ದನದ ಬಗ್ಗೆ ಅವನು ಹೇಳಿದ್ದು ನಿಲ್ಲುತ್ತದೆ. ಬೆಳ್ತಂಗಡಿ ತಾಲೂಕಿನ ನಿಡ್ಲೆ ಕಡೆ ಕಾಡು ಕಡಿದಾದ ಮೇಲೆ 1983ರಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂದು ಸುಮಾರು 150 ಮಂದಿ ಸತ್ತದ್ದೂ ಅವನ ಪಕ್ಷದ ಸಾಕ್ಷಿಯೇ. ಆದರೆ ವೈರಸ್ ಎಷ್ಟು ಹಳೆಯದು ಎಂಬ ಮೂಲ ಪ್ರಶ್ನೆಗೆ ವಂಶವಾಹಿ ಓದುವವರು ಎರಡು ಉತ್ತರ ಕೊಟ್ಟು ಕೂತಿದ್ದಾರೆ. ನಮ್ಮಲ್ಲಿ ಸಿಕ್ಕಿದ ವೈರಸ್ಸುಗಳನ್ನು ಹೋಲಿಸಿದ 2009ರ ಲೆಕ್ಕದ ಪ್ರಕಾರ ಅವುಗಳ ಸಮಾನ ಪೂರ್ವಜ ಇದ್ದದ್ದು 1942ರ ಆಸುಪಾಸು. ಇದರದೇ ದಾಯಾದಿ, ಸೌದಿ ಅರೇಬಿಯಾದಲ್ಲಿ 1995ರಲ್ಲಿ ಸಿಕ್ಕಿದ ಅಲ್‌ಖುರ್ಮಾ ವೈರಸ್ಸು ಇದರಿಂದ ಕವಲೊಡೆದು ಸುಮಾರು ಏಳುನೂರು ವರ್ಷವಾಗಿರಬಹುದು ಎನ್ನುತ್ತದೆ 2011ರ ಲೆಕ್ಕ. ಎರಡೂ ಒಟ್ಟಿಗೆ ನಿಜವಿರಬಹುದು: ಬಹಳ ಹಳೆಯ ಮನೆತನ, 1940ರ ದಶಕದಲ್ಲಿ ಹೊಸದಾಗಿ ಹಬ್ಬಿದ ಒಂದು ಕವಲು. ಹಾಗಿದ್ದರೆ ಆ ದಶಕದ ಆಸುಪಾಸು ಇಲ್ಲಿ ಏನಾಯಿತು?

ಲಿಂಗನಮಕ್ಕಿ ಅಣೆಕಟ್ಟು ಎಂದು ಕೂಡಲೇ ಹೇಳುವವರಿದ್ದಾರೆ. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ, ಕಾಯಿಲೆ ಅದಕ್ಕಿಂತ ಮೊದಲಿನದು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟು 1940ರ ದಶಕದ್ದು, ಅದನ್ನು ಬೇಕಾದರೆ ಲೆಕ್ಕಕ್ಕೆ ಹಿಡಿಯಿರಿ. ನನ್ನ ಅನುಮಾನ ಇನ್ನೊಂದರ ಮೇಲೆ. ಮಲೆನಾಡಿನ ಹಿರಿಯರನ್ನು ಕೇಳಿ, ಅವರ ಅಪ್ಪ ಅಜ್ಜಂದಿರ ಕಾಲದಲ್ಲಿ ಊರೂರೇ ಖಾಲಿಯಾದದ್ದು ಯಾವುದರಿಂದ? ಮಲೇರಿಯಾದಿಂದ. ಚಳಿಜ್ವರ, ಜ್ವರಗಡ್ಡೆಯ ಮಕ್ಕಳು, ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುವ ಬಯಲುಸೀಮೆಯವರು. ಡಿಡಿಟಿ ಬಂತು, 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೇ ಶುರುವಾಯಿತು. ಜ್ವರ ಹಿಂಜರಿದಲ್ಲೆಲ್ಲ ಜನ ಮುಂದೆ ಹೋದರು. ಪಾಳು ಬಿದ್ದ ಗದ್ದೆ ಮತ್ತೆ ಹಸನಾಯಿತು, ಕೊಟ್ಟಿಗೆ ತುಂಬಿತು. ಸೊಳ್ಳೆ ಕಾದುಕೊಂಡಿದ್ದ ಕಾಡಿಗೆ ದನದ ಕಾಲು ಬಿತ್ತು. ಇದು ನನ್ನ ಊಹೆ. ವಿಜ್ಞಾನಿ ಮಿತ್ರರ ಮುಂದೆ ಇಟ್ಟರೆ ನಗುತ್ತಾರೆ, ನಕ್ಕ ಮೇಲೆ ಸುಮ್ಮನಾಗುತ್ತಾರೆ. ಕಾರಂತರ ‘ಬೆಟ್ಟದ ಜೀವ’ದ ಗೋಪಾಲಯ್ಯ ಕಾಡು ಕಡಿದು ತೋಟ ಮಾಡುವುದನ್ನು ಓದಿ ಕಣ್ಣು ತುಂಬಿಕೊಂಡವರು ನಾವು. ಗೋಪಾಲಯ್ಯನಂಥವರ ಜೊತೆ ಕಾಡಿಗೆ ಹೋಗಿ ಬರುತ್ತಿದ್ದ ದನಗಳನ್ನು ಲೆಕ್ಕ ಹಾಕುತ್ತ ಅದೇ ಪುಸ್ತಕವನ್ನು ಓದುವ ಕೆಟ್ಟ ಚಾಳಿ ನನಗೆ ಹತ್ತಿದೆ.

ಲಸಿಕೆಯ ವಿಚಾರ ಹೇಳದೆ ಹೋದರೆ ನೀವು ಬಿಡುವುದಿಲ್ಲ, ಚುಟುಕಾಗಿ ಹೇಳುತ್ತೇನೆ. ನಮ್ಮಲ್ಲಿ ಕೊಡುತ್ತಿದ್ದ ಲಸಿಕೆ ಹೆಬ್ಬಾಳದಲ್ಲೇ ತಯಾರಾಗುತ್ತಿತ್ತು. 2005ರಿಂದ 2010ರವರೆಗಿನ ಅಂಕಿಗಳನ್ನು ಕೂಡಿಸಿ ನೋಡಿದಾಗ ಎರಡು ಡೋಸಿನಿಂದ ಸಿಕ್ಕಿದ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ತೆಗೆದುಕೊಂಡವರಿಗೆ ಶೇ. 83ರ ಹತ್ತಿರ. ಉರಿ ಜಾಸ್ತಿ, ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕು. ಒಮ್ಮೆ ಚುಚ್ಚಿಸಿಕೊಂಡವರು ಎರಡನೆಯ ಸಲ ಆರೋಗ್ಯ ಸಹಾಯಕಿಯ ದನಿ ಕೇಳಿದರೆ ಹಿತ್ತಿಲ ಬಾಗಿಲಿಂದ ತೋಟಕ್ಕೆ ಹೋಗುತ್ತಿದ್ದರು. 2022ರಲ್ಲಿ ಅದೂ ನಿಂತಿತು, ಪರೀಕ್ಷೆಯಲ್ಲಿ ಶಕ್ತಿ ಸಾಲದು ಎಂದಾದ ಮೇಲೆ. ಹೊಸದನ್ನು ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ತಯಾರಿಸುತ್ತಿವೆ. ಅಲ್ಲಿಯವರೆಗೆ ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ, ಕಾಡಿನಿಂದ ಬಂದು ಬಿಸಿನೀರ ಸ್ನಾನ, ಬಟ್ಟೆ ಒಗೆಯುವುದು. 2018-19ರಲ್ಲಿ ಅರಳಗೋಡಿನಲ್ಲಿ, 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಕಾಯಿಲೆ ಎದ್ದಾಗ ಮನೆಮನೆಗೆ ಹೇಳಿದ್ದೂ ಇದನ್ನೇ. ಕಾಡಿಗೆ ಹೋಗಬೇಡಿ ಎಂದೂ ಹೇಳುತ್ತಾರೆ. ಸೊಪ್ಪಿನಬೆಟ್ಟಕ್ಕೆ ಹೋಗದೆ ಅಡಿಕೆ ತೋಟ ಹೇಗೆ ನಡೆಯುತ್ತದೆಂದು ಹೇಳುವ ಭಿತ್ತಿಪತ್ರವನ್ನು ನಾನಿನ್ನೂ ನೋಡಿಲ್ಲ.

ನೀವು ಪ್ರಶ್ನೆ ಕೇಳುವುದಕ್ಕೆ ಮೊದಲು ನನ್ನವನ್ನೇ ನಿಮ್ಮ ಮುಂದೆ ಇಡುತ್ತೇನೆ. ದನ ಕಟ್ಟಿಹಾಕಿ ಎನ್ನೋಣ. ಗಿಡ್ಡವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹುಲ್ಲು ಕೊಂಡು ಹಾಕಿದರೆ ಅದು ಕೊಡುವ ಒಂದೆರಡು ಲೀಟರು ಹಾಲಿಗೆ ಯಾರು ಸಾಕುತ್ತಾರೆ? ಹಾಗಾದರೆ ನಾನು ತಳಿ ಉಳಿಸಿ ಎಂದು ಹೇಳುತ್ತ ಬಂದದ್ದು ಯಾವುದನ್ನು ಉಳಿಸಿ ಎಂದು? ದನಕ್ಕೆ ಉಣುಗಿನ ಔಷಧಿ ಹಚ್ಚಬಹುದು, ನಾವೇ ಹಚ್ಚಿಸಿದ್ದೇವೆ. ವರ್ಷಾನುಗಟ್ಟಲೆ ಹಚ್ಚಿದರೆ ಉಣುಗು ಅದಕ್ಕೆ ಒಗ್ಗಿಕೊಳ್ಳುವುದಿಲ್ಲವೇ, ಆ ಹಾಲನ್ನು ಕುಡಿಯುವವರು ಯಾರು? ಮೇಯಿಸುವುದೇ ನಿಂತು ಕಾಡು ಬೆಳೆದರೆ ಕಡವೆ ಬರುತ್ತದೆ, ಉಣುಗು ಅದನ್ನು ಹತ್ತುವುದಿಲ್ಲವೇ? ಇನ್ನು ಮೇಷ್ಟ್ರ ಮಾತು. ಅನ್ನ ಹಾಕುತ್ತಿರುವವರು ಯಾರು ಎಂದು ಕೇಳು ಅಂದರು, ಕೇಳಿದೆ. ಬಂದ ಉತ್ತರದಲ್ಲಿ ತೋಟ ಇದೆ, ಬೆಟ್ಟ ಇದೆ, ನನ್ನ ಅಜ್ಜಿಯ ಕೊಟ್ಟಿಗೆಯೂ ಇದೆ. ಅದನ್ನು ಯಾರಿಗೆ, ಯಾವ ಬಾಯಲ್ಲಿ ಹೇಳಲಿ? ಇಲ್ಲಿ ಕೂತಿರುವ ತೋಟದವರು ಯಾರಾದರೂ ಮೊದಲು ಎದ್ದು ಮಾತಾಡಿದರೆ ನನಗೆ ಅನುಕೂಲ.