ಸಸ್ಯಾಹಾರ ಮತ್ತು ದೇಹಬಲ

(ಬಸದಿಯ ಧಾಮಸಂಪ್ರೋಕ್ಷಣಪೂರ್ವಕ ಪಂಚಕಲ್ಯಾಣ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

ನಾನು ಪಂಡಿತನಲ್ಲ, ವೈದ್ಯನೂ ಅಲ್ಲ, ದಿನಸಿ ವ್ಯಾಪಾರಿ. ಆದುದರಿಂದ ಕಾಳು-ಬೇಳೆಗಳ ಲೆಕ್ಕದಲ್ಲಿಯೇ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ತರುಣರು ಇಂದು ವ್ಯಾಯಾಮಶಾಲೆಗಳಿಗೆ ಹೋಗುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಮೊಟ್ಟೆ, ಕೋಳಿ ತಿನ್ನದವರಿಗೆ ಮೈಕಟ್ಟು ಬಾರದೆಂಬ ಮಾತು ಅಲ್ಲಿ ಅವರ ಕಿವಿಗೆ ಬೀಳುತ್ತದೆ. ಅದನ್ನು ನಂಬಿ ಕೆಲವರು ವ್ಯಾಯಾಮವನ್ನೇ ಬಿಡುತ್ತಾರೆ. ಕೆಲವರು ಮನೆಯವರಿಗೆ ತಿಳಿಯದಂತೆ ಆಚಾರವನ್ನು ಬಿಡುತ್ತಾರೆ. ಎರಡೂ ಸಮಾಜಕ್ಕೆ ನಷ್ಟವೇ. ಗದರಿಕೆಯಿಂದ ಇದಕ್ಕೆ ಪರಿಹಾರ ದೊರೆಯದು. ನಾವು ಬಡಿಸುವ ಎಲೆಯಲ್ಲಿಯೇ ಉತ್ತರವಿರಬೇಕು.

ದೇಹವನ್ನು ದುರ್ಬಲವಾಗಿ ಇಟ್ಟುಕೊಳ್ಳಿರೆಂದು ನಮ್ಮ ಧರ್ಮ ಹೇಳಿಲ್ಲ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಧ್ಯಾನದ ಲಕ್ಷಣವನ್ನು ಹೇಳುವಲ್ಲಿ ಉತ್ತಮ ಸಂಹನನವನ್ನು, ಎಂದರೆ ದೃಢವಾದ ದೇಹಬಂಧವನ್ನು, ಹೇಳುತ್ತದೆ. 1432ರಲ್ಲಿ ಪ್ರತಿಷ್ಠಾಪಿತನಾದ ಕಾರ್ಕಳದ ಬಾಹುಬಲಿಯ ಭುಜಗಳನ್ನು ಕಂಡವರು ತ್ಯಾಗಕ್ಕೂ ಬಲಕ್ಕೂ ವಿರೋಧವಿದೆಯೆಂದು ಹೇಳಲಾರರು.

ಇನ್ನು ಲೆಕ್ಕಕ್ಕೆ ಬರೋಣ. ಮಾಂಸಖಂಡ ಬೆಳೆಯಲು ಬೇಕಾದ ಮುಖ್ಯ ದ್ರವ್ಯ ಸಸಾರಜನಕ, ಅರ್ಥಾತ್ ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು. ಭಾರ ಎತ್ತಿ ಮೈ ಬೆಳೆಸುವವರಿಗೆ ಸುಮಾರು 1.6 ಗ್ರಾಂ. ಅರವತ್ತು ಕಿಲೋ ತೂಗುವ ತರುಣನಿಗೆ ಇದು 96 ಗ್ರಾಂ ಆಯಿತು. ಜಮೆ ನೋಡಿರಿ: ಅಕ್ಕಿ 300 ಗ್ರಾಂನಲ್ಲಿ ಸುಮಾರು 22, ಹೆಸರುಕಾಳು 100 ಗ್ರಾಂನಲ್ಲಿ 24, ಕಡಲೆ 50 ಗ್ರಾಂನಲ್ಲಿ 10, ನೆಲಗಡಲೆ 50 ಗ್ರಾಂನಲ್ಲಿ 12, ಸೋಯಾ 30 ಗ್ರಾಂನಲ್ಲಿ 11, ಹಾಲು ಅರ್ಧ ಲೀಟರಿನಲ್ಲಿ 16. ಒಟ್ಟು 95. ಕಾಳುಗಳ ಸಸಾರಜನಕ ಪೂರ್ತಿಯಾಗಿ ಜೀರ್ಣವಾಗದ ಕಾರಣ ಒಂದು ಹಿಡಿ ಹೆಚ್ಚಿಗೆ ಇರಲಿ. ಅಕ್ಕಿಯಲ್ಲಿ ಕೊರತೆಯಾದ ಅಂಶ ಬೇಳೆಯಲ್ಲಿದೆ, ಬೇಳೆಯ ಕೊರತೆಯನ್ನು ಅಕ್ಕಿ ತುಂಬುತ್ತದೆ. ಕುಚ್ಚಲಕ್ಕಿ ಗಂಜಿಗೆ ಹೆಸರುಕಾಳಿನ ಗಸಿ ಸೇರಿಸಿದ ನಮ್ಮ ಹಿರಿಯರಿಗೆ ಇದು ಅನುಭವದಿಂದಲೇ ತಿಳಿದಿತ್ತು.

ನೆಲಗಡಲೆಯು ಕಂದಮೂಲವಲ್ಲವೇ ಎಂದು ಕೆಲವರು ಕೇಳುವುದುಂಟು. ನಮ್ಮ ಕರಾವಳಿಯ ಮರಳು ಗದ್ದೆಗಳಲ್ಲಿ ಅದನ್ನು ಬೆಳೆದವರು ಬಲ್ಲರು: ಹೂವು ಅರಳುವುದು ನೆಲದ ಮೇಲೆ, ಬಳಿಕ ಅದರ ದೇಟು ಮಣ್ಣಿಗಿಳಿದು ಕಾಯಿ ಕಟ್ಟುತ್ತದೆ. ಅದು ಗೆಡ್ಡೆಯಲ್ಲ, ಬೇರೂ ಅಲ್ಲ. ದ್ವಿದಳದ ನಿಯಮ ಪಾಲಿಸುವವರು ಕಾಳನ್ನೂ ಮೊಸರನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಂಡರಾಯಿತು. ರಾತ್ರಿಭೋಜನ ತ್ಯಾಗವಿರುವವರು ಬೆಳಗ್ಗೆ, ಮಧ್ಯಾಹ್ನ, ಸೂರ್ಯಾಸ್ತಕ್ಕೆ ಮುನ್ನ ಎಂದು ಮೂರು ಪಾಲು ಮಾಡಿ ಉಣ್ಣಲಿ. ಉಪವಾಸದ ದಿನಗಳಲ್ಲಿ ಭಾರ ಎತ್ತುವ ಕೆಲಸಕ್ಕೆ ವಿರಾಮವಿರಲಿ.

ವ್ಯಾಪಾರಿಯಾಗಿ ಒಂದು ಎಚ್ಚರಿಕೆ. ಡಬ್ಬಿಯ ಮೇಲಿನ ಹಸಿರು ಚುಕ್ಕೆಯೊಂದನ್ನೇ ನೋಡಿ ಕೊಳ್ಳಬೇಡಿರಿ. ಜೇನು ಬೆರೆತ ಪದಾರ್ಥಕ್ಕೂ ಆ ಚುಕ್ಕೆ ಸಲ್ಲುತ್ತದೆ. ಔಷಧದ ಅನೇಕ ಕ್ಯಾಪ್ಸೂಲುಗಳ ಹೊದಿಕೆಯಾದ ಜೆಲಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ಬರುವಂಥದು. ಒಳಗಿನ ಪದಾರ್ಥಗಳ ಪಟ್ಟಿಯನ್ನು ಓದಿರಿ. ಬಿ-12 ಜೀವಸತ್ತ್ವವು ನಮಗೆ ಮುಖ್ಯವಾಗಿ ಹಾಲು, ಮೊಸರುಗಳಿಂದಲೇ ದೊರೆಯತಕ್ಕದ್ದು. ಅವನ್ನು ಕಡಿಮೆ ಸೇವಿಸುವವರು ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ.

ಆಹಾರವೊಂದರಿಂದಲೇ ಬಲ ಬಾರದು. ನಮ್ಮ ವಂಡ್ಸೆ ಸಮೀಪದ, ಲಾರಿ ಚಾಲಕರೊಬ್ಬರ ಮಗನಾದ ಗುರುರಾಜ ಪೂಜಾರಿಯವರು ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಲ್ಲಿ ಓದುವಾಗ ಭಾರ ಎತ್ತಲು ಕಲಿತರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿಯನ್ನೂ, 2022ರಲ್ಲಿ 269 ಕಿಲೋ ಎತ್ತಿ ಕಂಚನ್ನೂ ತಂದರು. ಅವರ ಊಟದ ವಿಚಾರ ನನ್ನ ಮಾತಿನ ವಿಷಯವಲ್ಲ. ಅವರ ಶ್ರಮ, ನಿಯಮಗಳು ನಮ್ಮ ಮಕ್ಕಳಿಗೆ ಮೇಲ್ಪಂಕ್ತಿ.

ಕಡೆಯದಾಗಿ, ಇದು ತರುಣರ ವಿಷಯ ಮಾತ್ರವಲ್ಲ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ. ಕಾಲು ಸೋತವರು ಬಿದ್ದು ಎಲುಬು ಮುರಿದುಕೊಳ್ಳುತ್ತಾರೆ. ಏಕಭುಕ್ತ ಮಾಡುವ ಹಿರಿಯರ ಆ ಒಂದು ಊಟದಲ್ಲಿ ಕಾಳು, ಹಾಲು ತಪ್ಪದಿರಲಿ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ತಿಳಿಸಾರು ಅನ್ನದಲ್ಲಿ ತೃಪ್ತರಾಗುವ ತಾಯಂದಿರ ಎಲೆಯನ್ನೂ ಮನೆಯವರು ನೋಡಬೇಕು. ಪ್ರದಕ್ಷಿಣೆಗೆ ಗಟ್ಟಿಯಾದ ಕಾಲು, ಕಾಯೋತ್ಸರ್ಗಕ್ಕೆ ನೆಟ್ಟಗಿನ ಬೆನ್ನು ಬೇಕು. ಇಂದು ನಾವು ಪುನಃಪ್ರತಿಷ್ಠೆ ಮಾಡಿದ ಈ ಬಸದಿಯನ್ನು ಮುಂದೆ ಕಾಪಾಡತಕ್ಕವರು ಈ ಮಕ್ಕಳೇ. ಅವರು ಅಹಿಂಸೆಯನ್ನೂ ಬಿಡದೆ, ಬಲವನ್ನೂ ಬಿಡದೆ ಬೆಳೆಯಲೆಂದು ಹಾರೈಸುತ್ತೇನೆ.