ಹತ್ತನೇ ತರಗತಿಯ ನಂತರ: ಕೈಕೆಲಸದ ಕಲಿಕೆಗೂ ನೆರವು ಬೇಕು

(ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣ)

 

ಈಗಷ್ಟೇ ಶೇಕಡಾ ತೊಂಬತ್ತಕ್ಕಿಂತ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸಿದೆವು. ಅವರಿಗೆ ನನ್ನ ಅಭಿನಂದನೆಗಳು. ಆದರೆ ನಾನು ಇಂದು ಮಾತನಾಡಬೇಕೆಂದು ಬಂದದ್ದು ನಲವತ್ತೈದು, ಐವತ್ತು ತೆಗೆದ ಮಕ್ಕಳ ಬಗ್ಗೆ. ಅವರಲ್ಲಿ ಹೆಚ್ಚಿನವರು ಇವತ್ತು ಸಭೆಗೆ ಬಂದಿಲ್ಲ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಶಾಲೆಯ ಪಂಪು ಕೆಟ್ಟರೆ ಹೆಡ್‌ಮಾಸ್ಟರು ಅವನನ್ನೇ ಕರೆಯುತ್ತಿದ್ದರು. ಅಂಕ ಮಾತ್ರ ಐವತ್ತೆರಡು. ಅವನ ಉಮ್ಮ ಬಂದು, "ಮಾಷ್ಟ್ರೇ, ಇವನನ್ನು ಎಲ್ಲಿಗೆ ಕಳಿಸುವುದು?" ಎಂದು ಕೇಳಿದರು. ನಾನು, "ಸಯನ್ಸಿಗೆ ಹಾಕಿ, ಬುದ್ಧಿವಂತ" ಎಂದೆ. ಐಟಿಐ ಎಂಬ ಶಬ್ದವೇ ನನ್ನ ಬಾಯಿಗೆ ಬರಲಿಲ್ಲ, ಯಾಕೆಂದರೆ ಅದು ಫೇಲಾದವರ ಜಾಗ ಎಂದು ನಾನೂ ನಂಬಿದ್ದೆ. ಅವನು ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ಓದು ಬಿಟ್ಟ. ಈಗ ಒಂದು ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುತ್ತಾನೆ. ದಾರಿಯಲ್ಲಿ ಸಿಕ್ಕರೆ ಇವತ್ತಿಗೂ ಸಲಾಂ ಹೇಳುತ್ತಾನೆ. ನನಗೇ ಮುಖ ಎತ್ತಲು ಕಷ್ಟ.

ನಮ್ಮ ನೆರಿಯವನ್ನೇ ನೋಡಿ. ಮಂಗಳೂರಿನಿಂದ ಹಾಸನ, ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗದ ಪಂಪಿಂಗ್ ಸ್ಟೇಷನ್ ಇಲ್ಲಿದೆ. ಘಟ್ಟ ಹತ್ತಿಸಲು ಎಣ್ಣೆಗೆ ಬಲ ಕೊಡುವುದು ಈ ಊರಿನಲ್ಲಿ! ಅಂತಹ ಜಾಗದಲ್ಲಿ ಮೋಟಾರು, ವಾಲ್ವು, ಮೀಟರು ನೋಡಿಕೊಳ್ಳುವವರು ಫಿಟ್ಟರ್, ಎಲೆಕ್ಟ್ರಿಷಿಯನ್, ಇನ್‌ಸ್ಟ್ರುಮೆಂಟ್ ಕಲಿತವರು. ನಮ್ಮ ಮಕ್ಕಳು ಅದರ ಬೇಲಿಯ ಪಕ್ಕದಲ್ಲೇ ಶಾಲೆಗೆ ನಡೆದು ಹೋಗುತ್ತಾರೆ, ಒಳಗೆ ಏನು ಕೆಲಸ ನಡೆಯುತ್ತದೆ ಎಂದು ನಾವು ಒಂದು ದಿನವೂ ಹೇಳಲಿಲ್ಲ.

ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದ ಕಲಿಕೆ. ವೆಲ್ಡರ್, ಪ್ಲಂಬರ್, ಕಂಪ್ಯೂಟರ್ ಆಪರೇಟರ್ ಒಂದು ವರ್ಷ. ವೆಲ್ಡರ್‌ನಂತಹ ಕೆಲವಕ್ಕೆ ಎಂಟನೇ ತರಗತಿ ಪಾಸಾದರೂ ಸಾಕು. ನಮ್ಮ ತಾಲೂಕಿನ ವೇಣೂರಿನಲ್ಲಿ ಐಟಿಐ ಉಂಟು, ಉಜಿರೆಯಲ್ಲೂ ಮೂಡುಬಿದಿರೆಯಲ್ಲೂ ಪಾಲಿಟೆಕ್ನಿಕ್ ಉಂಟು. ಮಂಗಳೂರಿನ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದ ನಡೆಯುತ್ತಿದೆ. ಹೆಣ್ಣುಮಕ್ಕಳಿಗಾಗಿಯೇ ಮಂಗಳೂರಿನಲ್ಲಿ ಸರಕಾರಿ ಐಟಿಐ ಇದೆ. ಇದನ್ನು ತಾಯಂದಿರು ಗುರುತು ಹಾಕಿಕೊಳ್ಳಿ.

"ಐಟಿಐಗೆ ಹೋದರೆ ಓದು ಅಲ್ಲಿಗೇ ಮುಗಿಯಿತಲ್ಲಾ" ಎಂದು ಹಲವರು ಕೇಳುತ್ತಾರೆ. ಮುಗಿಯುವುದಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ. ಸುತ್ತಿನ ದಾರಿ ಹೌದು, ಆದರೆ ಯಾವ ಮೆಟ್ಟಿಲಲ್ಲಿ ನಿಂತರೂ ಕೈಯಲ್ಲಿ ಒಂದು ಕೆಲಸ ಇರುತ್ತದೆ. ಪಿಯುಸಿಯಲ್ಲಿ ಅರ್ಧಕ್ಕೆ ನಿಂತವನ ಕೈಯಲ್ಲಿ ಏನಿರುತ್ತದೆ?

ಸರಕಾರಿ ಕೆಲಸವೂ ಇದೆ. 2024ರಲ್ಲಿ ಕೆಪಿಟಿಸಿಎಲ್ ಮತ್ತು ವಿದ್ಯುತ್ ಕಂಪನಿಗಳು ಕರೆದ 2,975 ಹುದ್ದೆಗಳಲ್ಲಿ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕಿತ್ತು, ಜೊತೆಗೆ ಕಂಬ ಹತ್ತಿ ತೋರಿಸಬೇಕಿತ್ತು. ಅಡಿಕೆ ಮರ ಹತ್ತುವ ಊರಿನವರಿಗೆ ಕಂಬ ದೊಡ್ಡ ಸಂಗತಿಯಲ್ಲ ಬಿಡಿ.

ಇನ್ನು ಗಲ್ಫ್. ಹತ್ತನೇ ಪಾಸಾಗದವನ ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ ಬೀಳುತ್ತದೆ, ಸೌದಿ, ದುಬೈಗೆ ಕೆಲಸಕ್ಕೆ ಹೋಗಲು ಪ್ರತ್ಯೇಕ ಅನುಮತಿ ಬೇಕು. ಆದ್ದರಿಂದ ಫೇಲಾದರೂ ಮತ್ತೆ ಬರೆದು ಪಾಸಾಗಲೇಬೇಕು. ಅದಲ್ಲದೆ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಎಸಿ ಕೆಲಸಕ್ಕೆ ಹೋಗುವವರನ್ನು ಸೌದಿಯವರು ಈಗ ಇಲ್ಲಿಯೇ ಪರೀಕ್ಷೆ ಮಾಡುತ್ತಾರೆ. ಮಾವನ ವೀಸಾ ಹಿಡಿದು ಹೋಗಿ ಅಲ್ಲೇ ಕಲಿಯುತ್ತೇನೆ ಎನ್ನುವ ಕಾಲ ಹೋಗುತ್ತಾ ಬಂತು.

ಒಂದು ಎಚ್ಚರಿಕೆ. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಜಾಹೀರಾತು ನೋಡಿ ಹಣ ಕಟ್ಟಬೇಡಿ. ಸಂಸ್ಥೆಗೆ ಎನ್‌ಸಿವಿಟಿ ಮಾನ್ಯತೆ ಉಂಟೇ, ಯಾವ ಟ್ರೇಡಿಗೆ ಉಂಟು ಎಂದು ಮೊದಲು ಕೇಳಿ. ಹದಿನೆಂಟು ದಾಟಿ ಓದು ಬಿಟ್ಟವರಿಗೆ ಉಜಿರೆಯ ರುಡ್‌ಸೆಟ್ ಸಂಸ್ಥೆ ಇದೆ. 1982ರಿಂದ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತಿದೆ. ಇಷ್ಟು ಹತ್ತಿರ ಇದ್ದೂ ನಮ್ಮ ಹುಡುಗರು ಅಲ್ಲಿಗೆ ಹೋಗುವುದು ಕಡಿಮೆ.

ದಾನಿಗಳಲ್ಲಿ ನನ್ನ ಒಂದು ವಿನಂತಿ. ಇಷ್ಟು ವರ್ಷ ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ "ಕನಿಷ್ಠ ಶೇಕಡಾ 75" ಎಂದು ಇತ್ತು. ಐವತ್ತು ತೆಗೆದ ಕೂಲಿಕಾರನ ಮಗ ಆ ಸಾಲು ಓದಿಯೇ ಅರ್ಜಿ ಮಡಚಿ ಇಡುತ್ತಿದ್ದ. ಸರಕಾರಿ ಐಟಿಐಯ ಶುಲ್ಕ ಹೆಚ್ಚಿಲ್ಲ. ಅವನನ್ನು ನಿಲ್ಲಿಸುವುದು ನೆರಿಯದಿಂದ ದಿನಾ ಹೋಗಿಬರುವ ಬಸ್ಸಿನ ಖರ್ಚು, ಸಮವಸ್ತ್ರ, ಬೂಟು, ಒಂದು ಟೂಲ್ ಕಿಟ್. ಈ ವರ್ಷ ಸಮಿತಿಯವರು ಐಟಿಐ, ಡಿಪ್ಲೊಮಾ ಮಕ್ಕಳಿಗೆ ಅಂಕದ ಮಿತಿ ತೆಗೆಯಲು ಒಪ್ಪಿದ್ದಾರೆ. ಹಣ ಮಾತ್ರ ಮೊದಲಿನಷ್ಟೇ ಇದೆ. ಅದನ್ನು ಹೆಚ್ಚಿಸುವುದು ನಿಮ್ಮ ಕೈಯಲ್ಲಿದೆ.

ಪೋಷಕರಿಗೆ: ಸರಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವಾಗ ಆಧಾರಿನ ಹೆಸರು ಮತ್ತು ಅಂಕಪಟ್ಟಿಯ ಹೆಸರು ಒಂದೇ ಇರಲಿ. ಒಂದರಲ್ಲಿ ಮಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್ ಇದ್ದು ತೊಂದರೆಯಾದ ಮಕ್ಕಳು ಎಷ್ಟೋ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಹೋಗಿ, ಕೊನೆಯ ವಾರಕ್ಕೆ ಇಡಬೇಡಿ. ಏನು ಕಲಿಯಬೇಕೆಂದು ಗೊತ್ತಾಗದಿದ್ದರೆ ಶುಕ್ರವಾರ ಜುಮಾ ಮುಗಿದ ಮೇಲೆ ನಾನು ಟ್ರಸ್ಟಿನ ಕಚೇರಿಯಲ್ಲಿ ಇರುತ್ತೇನೆ. ಅಂಕಪಟ್ಟಿ ತನ್ನಿ, ಮಗುವನ್ನೂ ಕರೆದುಕೊಂಡು ಬನ್ನಿ. ಈ ಸಲ ನಾನು ಮೊದಲು ಅವನನ್ನೇ ಕೇಳುತ್ತೇನೆ.